ಮಾವನ ಊಟಕ್ಕೆ ಮ್ಯಾನೇಜರ್

“ಇಡೀರಿ, ಇಡೀರಿ! ನುಗ್ಗೆ ಮರದ ಕಡೆ ಓಯ್ತು!”

ಅಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಕೂಗಿದಳು. ಅಪ್ಪ ಲುಂಗಿ ಎತ್ತಿಕಟ್ಟಿ ಓಡಿದ. ಕೆಂಪು ಹುಂಜ ಅವನಿಗಿಂತ ಜೋರಾಗಿ ಓಡಿತು.

ಶಾಂತಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು. ಸ್ಕೂಲಿನಿಂದ ಬಂದವಳು ಯೂನಿಫಾರ್ಮನ್ನೂ ಬಿಚ್ಚಿರಲಿಲ್ಲ. ಆ ಹುಂಜದ ಹೆಸರು ಮ್ಯಾನೇಜರ್. ಎದೆ ಉಬ್ಬಿಸಿಕೊಂಡು ಹಿತ್ತಿಲೆಲ್ಲಾ ರೌಂಡ್ಸ್ ಹೊಡೆಯುತ್ತದೆಂದು ಆ ಹೆಸರಿಟ್ಟವಳು ಅವಳೇ. ಇವತ್ತು ಅದೇ ಮ್ಯಾನೇಜರ್ ನಿಂಗರಾಜು ಮಾವನ ಊಟಕ್ಕೆ ಸಾರಾಗಬೇಕಂತೆ!

ನಿಂಗರಾಜು ಮಾವ ಅಮ್ಮನ ಅಣ್ಣ. ಊರು ಚಾಮರಾಜನಗರ. ಹೋದ ವರ್ಷ ಅವನೇ ಒಂದು ಚೀಲದಲ್ಲಿ ಎರಡು ನಾಟಿ ಕೋಳಿ ತಂದುಕೊಟ್ಟಿದ್ದ. “ಮೊಟ್ಟೆಗೂ ಆಯ್ತದೆ, ಸಾರಿಗೂ ಆಯ್ತದೆ” ಅಂದಿದ್ದ.

ಮೊಟ್ಟೆಗೆ ಆಯಿತು. ಸಾರಿಗೆ ಮಾತ್ರ ಒಂದೂ ಆಗಲಿಲ್ಲ. ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿರುವ ಅಪ್ಪ ಹಳೇ ಸೀಟಿನ ಕಂಬಿಗಳಿಂದ ಗೂಡು ಮಾಡಿದ. ಮರಿಗಳು ಬಂದ ಮೇಲೆ ಇನ್ನೊಂದು ಗೂಡು ಮಾಡಿದ. ಬ್ಲೌಸ್ ಹೊಲಿಯುವ ಅಮ್ಮ ಉಳಿದ ಬಟ್ಟೆಯ ಚೂರುಗಳನ್ನು ಕೋಳಿಗಳ ಕಾಲಿಗೆ ಕಟ್ಟಿ ಗುರುತು ಮಾಡಿದಳು. ಮೊದಲೆಲ್ಲ ಸಂಜೆ ಇಬ್ಬರೂ ಒಂದೊಂದು ಮೂಲೆಯಲ್ಲಿ ಫೋನ್ ಹಿಡಿದು ಕೂರುತ್ತಿದ್ದರು. ಈಗ ಒಂದೇ ಫೋನಿನಲ್ಲಿ ಕೋಳಿ ವಿಡಿಯೊ ನೋಡುತ್ತಾ ಜಗಳ ಆಡುತ್ತಾರೆ. ಆ ಜಗಳ ಶಾಂತಿಗೆ ಇಷ್ಟ.

ಬೆಳಿಗ್ಗೆ ಅವಳು ಅಂಗಲಾಚಿದ್ದಳು. “ಅಂಗಡಿಯಿಂದ ತನ್ನಿ ಅಪ್ಪಾ, ಪ್ಲೀಸ್!”

“ನಿಮ್ಮಾವ ಫಾರಂ ಕೋಳಿ ಮುಟ್ಟಕಿಲ್ಲ ಕಣವ್ವ.”

“ನಾವು ಅವನ ಊರಿಗೆ ಓಗಿದ್ದಾಗ ನಮ್ಮಣ್ಣ ಇರೋದ್ರಲ್ಲಿ ದೊಡ್ಡ ಹುಂಜಾನೇ ಕುಯ್ದಿದ್ದ” ಎಂದಿದ್ದಳು ಅಮ್ಮ. “ಈಗ ನಾವು ಸುಮ್ನಿದ್ರೆ ಏನಂದ್ಕತ್ತನೆ?”

ಆಮೇಲೆ ಸ್ಕೂಲಿನಲ್ಲಿ ಶಾಂತಿಗೆ ಒಂದು ಲೆಕ್ಕವೂ ಸರಿಬರಲಿಲ್ಲ.

ಈಗ ಅಪ್ಪ ಎರಡೂ ಕೈ ಬೀಸುತ್ತಾ, “ಹೋಯ್! ಹೋಯ್!” ಎಂದು ಅರಚುತ್ತಾ ಓಡುತ್ತಿದ್ದ. ಶಾಂತಿಗೆ ಯಾಕೋ ವಿಚಿತ್ರ ಅನ್ನಿಸಿತು. ಅಪ್ಪ ಯಾವತ್ತೂ ಹೀಗೆ ಕೋಳಿ ಹಿಡಿಯುವವನಲ್ಲ. ಮೆಟ್ಟಿಲ ಮೇಲೆ ಕೂತು “ಬಾ ಬಾ ಬಾ” ಅಂದರೆ ಸಾಕು, ಮ್ಯಾನೇಜರ್ ಬಂದು ಅವನ ಅಂಗೈಯಿಂದಲೇ ರಾಗಿ ತಿನ್ನುತ್ತದೆ. ಇವತ್ತು ಅಪ್ಪನ ಕೈಯಲ್ಲಿ ರಾಗಿಯೇ ಇಲ್ಲ.

ಮ್ಯಾನೇಜರ್ ಗಾಬರಿಯಿಂದ ತಿರುಗಿ, ನೇರ ಅಮ್ಮನ ಕಾಲ ಬಳಿಗೇ ಬಂತು. ಬಗ್ಗಿದ್ದರೆ ಸಿಕ್ಕಿಬಿಡುತ್ತಿತ್ತು. ಅಮ್ಮನಿಗೆ ಸೆರಗು ಸರಿಮಾಡಿಕೊಳ್ಳಲು ಸರಿಯಾಗಿ ಆಗಲೇ ನೆನಪಾಯಿತು!

“ಛೆ, ತಪ್ಪುಸ್ಕಂಡ್ಬುಡ್ತು” ಎಂದ ಅಪ್ಪ.

“ಊಂ. ಬಲೇ ಚಾಲಾಕಿ” ಎಂದಳು ಅಮ್ಮ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಹೊತ್ತು ಮುಳುಗಿತು. ಕೋಳಿಗಳು ತಾವಾಗಿಯೇ ಗೂಡು ಸೇರಿದವು. ಮ್ಯಾನೇಜರ್ ಕೊನೆಗೆ ಒಳಗೆ ಹೋಯಿತು. ಶಾಂತಿ ಕಲ್ಲಿನಿಂದ ಎದ್ದು ನಿಂತಳು. ಕತ್ತಲಲ್ಲಿ ಕೋಳಿಗೆ ಕಣ್ಣು ಕಾಣುವುದಿಲ್ಲ. ಈಗ ಗೂಡಿಗೆ ಕೈ ಹಾಕಿದರೆ ಯಾವ ಕೋಳಿಯಾದರೂ ಸದ್ದಿಲ್ಲದೆ ಕೈಗೆ ಬರುತ್ತದೆ. ಕಾಲಿಗೆ ಬಟ್ಟೆ ಕಟ್ಟುವಾಗ ಅಪ್ಪ ಅಮ್ಮ ಮಾಡುವುದೂ ಹಾಗೆಯೇ.

ಅಪ್ಪ ಗೂಡಿನ ಹತ್ತಿರ ಹೋದ. ಬಗ್ಗಿದ. ಬಾಗಿಲು ಮುಚ್ಚಿ ಚಿಲಕ ಹಾಕಿದ.

“ಗೂಡು ಸೇರ್ಕಂಡ್ಬುಡ್ತು. ಇನ್ನೇನು ಮಾಡನ?”

“ಇನ್ನೇನು ಮಾಡಕ್ಕಾಯ್ತದೆ? ಮೊಟ್ಟೆ ಸಾರು ಮಾಡ್ತೀನಿ ಬುಡಿ” ಎಂದು ಅಮ್ಮ ಸರಸರ ಒಳಗೆ ಹೋದಳು.

ಶಾಂತಿಗೆ ಓಡಿಹೋಗಿ ಅಪ್ಪನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ಆದರೆ ತಬ್ಬಿಕೊಂಡರೆ ಗುಟ್ಟು ರಟ್ಟಾಗುತ್ತದಲ್ಲ! ಅದಕ್ಕೆ ಸುಮ್ಮನೆ ಯೂನಿಫಾರ್ಮ್ ಬದಲಾಯಿಸಲು ಹೋದಳು.

ಮಾವ ಬಂದ. ಕೈಕಾಲು ತೊಳೆದು ಊಟಕ್ಕೆ ಕೂತ. ತಟ್ಟೆಯಲ್ಲಿ ಮುದ್ದೆ ಇತ್ತು, ಮೊಟ್ಟೆ ಸಾರು ಇತ್ತು.

“ಏನವ್ವ ನಾಗಿ, ಕೋಳಿ ಎಲ್ಲಿ?”

ಅಮ್ಮನ ಮುಖ ಚಿಕ್ಕದಾಯಿತು. “ಇಡಿಯಕ್ಕೇ ಆಗ್ನಿಲ್ಲ ಕಣಣ್ಣ. ಇವರು ಸಂಜೆಯೆಲ್ಲಾ ಓಡುದ್ರು.”

ಮಾವ ಗಹಗಹಿಸಿ ನಕ್ಕ. “ಕತ್ಲಾದ್ಮೇಲೆ ಗೂಡಿಗೆ ಕೈ ಆಕಿದ್ರೆ ಆಗಿತ್ತಲ್ಲ ಬಾವ! ಕತ್ಲಲ್ಲಿ ಕೋಳಿಗೆ ಕಣ್ಣು ಕಾಣಕಿಲ್ಲ ಅಂತ ಗೊತ್ತಿಲ್ವಾ?”

ಅಪ್ಪ ಮುದ್ದೆ ಮುರಿಯುತ್ತಾ ತಲೆ ತಗ್ಗಿಸಿದ. ಅಮ್ಮ ತುಂಬಿದ ತಟ್ಟೆಗೇ ಮತ್ತೆ ಸಾರು ಬಡಿಸಲು ಹೋದಳು. ಇಬ್ಬರೂ ಹೋಂವರ್ಕ್ ಮಾಡದೆ ಸಿಕ್ಕಿಬಿದ್ದ ಮಕ್ಕಳ ಹಾಗೆ ಕಂಡರು.

“ನಮ್ ಮ್ಯಾನೇಜರ್‌ಗೆ ಕಾಣ್ತದೆ ಮಾವ” ಎಂದಳು ಶಾಂತಿ. “ಕತ್ಲಲ್ಲೂ ಚೆನ್ನಾಗಿ ಕಾಣ್ತದೆ.”

ಮಾವ ಅವಳನ್ನು ನೋಡಿದ. ಆಮೇಲೆ ಅಪ್ಪನನ್ನು, ಅಮ್ಮನನ್ನು ನೋಡಿದ. ಅವನ ಮೀಸೆ ಸ್ವಲ್ಪ ಅಲುಗಿತು.

“ಓಹೋ, ಅಂಗಾ? ಅಂಗಾದ್ರೆ ಅದು ಯಾವತ್ತೂ ಸಿಗಕಿಲ್ಲ ಬುಡು. ಇನ್ನೊಂದು ಮೊಟ್ಟೆ ಆಕವ್ವ ನಾಗಿ.”

ಅಮ್ಮ ಅವನಿಗೆ ಮೊಟ್ಟೆ ಹಾಕಿದಳು. ಕೇಳದಿದ್ದರೂ ಶಾಂತಿಯ ತಟ್ಟೆಗೂ ಒಂದು ಹಾಕಿದಳು. ಪಕ್ಕದಲ್ಲಿ ಕೂತಿದ್ದ ಅಪ್ಪ ತಲೆ ಎತ್ತದೆ, ತನ್ನ ಮಂಡಿಯಿಂದ ಅವಳ ಮಂಡಿಯನ್ನು ಮೆಲ್ಲಗೆ ತಟ್ಟಿದ.