ಬುಧವಾರದ ಕಲ್ಲು

“ನಿಮ್ಮನ್ನ ಯಾರೂ ಓದ್ತಿಲ್ಲ ಸಾರ್. ಈ ತಿಂಗಳಿಗೆ ಅಂಕಣ ನಿಲ್ಲಿಸಿಬಿಡೋಣ” ಎಂದುಬಿಟ್ಟ ಹೊಸ ಸಂಪಾದಕ. ಅದೂ ಟೀ ತರಿಸಿಕೊಟ್ಟು, ನಗುನಗುತ್ತಾ. ಇಪ್ಪತ್ತೊಂದು ವರ್ಷ ಬುಧವಾರ ಬುಧವಾರ ಊರಿನ ದೊಡ್ಡವರ ಚಳಿ ಬಿಡಿಸಿದ ಅಂಕಣಕಾರರು ಆ ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಬೈದಿದ್ದರೆ ಸಹಿಸುತ್ತಿದ್ದರು, ಬೈಸಿಕೊಳ್ಳುವುದು ಅವರ ಕಸುಬಿನ ಭಾಗವೇ. ಯಾರೂ ಓದುತ್ತಿಲ್ಲ ಎಂಬ ಮಾತು ಮಾತ್ರ ಕರುಳಿಗೇ ಚುಚ್ಚಿತು. ಅಂಕಣ ಹೋದರೆ ಅವರು ಬೆಳಗ್ಗೆ ವಾಕಿಂಗ್ ಹೋಗುವ ಇನ್ನೊಬ್ಬ ಮುದುಕ, ಅಷ್ಟೆ.

ಮನೆ ಮುಟ್ಟುವಷ್ಟರಲ್ಲಿ ಉಪಾಯ ಹೊಳೆದಿತ್ತು. ಓದುಗರಿಲ್ಲದ ಅಂಕಣಕಾರನನ್ನು ಕೈಬಿಡಬಹುದು. ಬೆದರಿಕೆ ಬಂದ ಅಂಕಣಕಾರನನ್ನು ಕೈಬಿಟ್ಟರೆ ಪತ್ರಿಕೆ ಹೆದರಿತು ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಸರಿ, ಬೆದರಿಕೆ ಬರಲಿ!

ಪತ್ರ ಬರೆಯುವುದೇ ಕಷ್ಟವಾಯಿತು. ದೂರದ ಅಂಗಡಿಯಿಂದ ಗೆರೆ ಹಾಕಿದ ಹಾಳೆ ತಂದು ಎಡಗೈಯಲ್ಲಿ ಬರೆದರು. ಮೊದಲನೆಯದು ಒಂದೂವರೆ ಪುಟವಾಯಿತು, ಮಧ್ಯದಲ್ಲೊಂದು ಉಪಶೀರ್ಷಿಕೆ ಬೇರೆ. ಎರಡನೆಯದರಲ್ಲಿ ಬೆದರಿಸಬೇಕಾದ ರೌಡಿ, ಪಾರ್ಕಿಂಗ್ ಫೀ ಹಾಕಿದ ಪುರಸಭೆಯ ಕಡೆಯ ನ್ಯಾಯವನ್ನೂ ವಿವರಿಸತೊಡಗಿದ. ನಾಲ್ಕನೆಯದು ಕೈಗೂಡಿತು: “ಇವತ್ತು ಪೇಪರಲ್ಲಿ ಪಾರ್ಕಿಂಗ್ ಫೀ ಬಗ್ಗೆ ಬಾಯಿಗೆ ಬಂದಂಗೆ ಬರ್ದಿದೀಯ. ಇನ್ನೊಂದು ಸಲ ಬರೆದ್ರೆ ಕೈ ಇರಲ್ಲ.” ಬುಧವಾರ ಅಚ್ಚಾಗಬೇಕಿದ್ದ ಆ ಬರಹವನ್ನು ಅವರು ಸೋಮವಾರವೇ ಪತ್ರಿಕೆಗೆ ಕಳಿಸಿಯಾಗಿತ್ತು. ‘ಇವತ್ತು’ ಎಂಬ ಮಾತಿಗೆ ತಾವೇ ತಲೆದೂಗಿದರು. ಅಂಕಣ ಓದಿ ಬಿಸಿ ಆರುವ ಮೊದಲೇ ಓಡಿಬಂದವನ ಸಿಟ್ಟು ಅದರಲ್ಲಿತ್ತು.

ಬುಧವಾರ ಬಂತು. ಹೆಂಡತಿ ಪ್ರತಿವಾರದಂತೆ ತಂಗಿಯ ಮನೆಗೆ ಹೊರಟು, ಚಪ್ಪಲಿ ಮೆಟ್ಟುತ್ತಾ ಕೇಳಿದರು:

“ರೀ, ಇವತ್ತಿನ ಪೇಪರ್ ನೋಡಿದ್ರಾ?”

“ನಾನು ಬರೆದದ್ದನ್ನ ನಾನೇ ನೋಡೋದೇನಿದೆ? ನೀನು ಹೊರಡು ಮಾರಾಯ್ತಿ.”

“ನಿಮ್ಮಿಷ್ಟಪ್ಪ” ಎಂದು ಅವರು ಹೋದರು. ಮೊದಲ ವರ್ಷವೇ ತಲೆಬರಹದಲ್ಲೊಂದು ಅಚ್ಚಿನ ತಪ್ಪು ಕಂಡು ಅಂಕಣಕಾರರು ಎರಡು ದಿನ ಊಟ ಬಿಟ್ಟಿದ್ದರು. ಆಮೇಲೆ ಬುಧವಾರದ ಪೇಪರನ್ನು ಮುಟ್ಟಿದವರಲ್ಲ.

ಮಧ್ಯಾಹ್ನ ಮೂರಕ್ಕೆ ಬೀದಿ ಬಿಕೋ ಎನ್ನುತ್ತಿತ್ತು. ಕಲ್ಲನ್ನು ಎರಡು ಬೀದಿ ಆಚೆ ರಿಪೇರಿಯಾಗುತ್ತಿದ್ದ ರಸ್ತೆಯಿಂದ ಆರಿಸಿ, ಕರವಸ್ತ್ರದಲ್ಲಿ ಸುತ್ತಿ ತಂದಿದ್ದರು. ಪತ್ರವನ್ನು ಅದಕ್ಕೆ ದಾರದಿಂದ ಬಿಗಿದರು. ಕಿಟಕಿಯನ್ನು ಒಳಗಿನಿಂದ ಒಡೆದರೆ ಗಾಜು ಹೊರಗೆ ಬೀಳುತ್ತದೆ, ಅಂಥ ಎಳಸುತನ ತಮ್ಮದಲ್ಲ ಎಂದು ಗೇಟಿನಾಚೆ ನಿಂತೇ ಎಸೆದರು. ಮೊದಲ ಏಟು ಗೋಡೆಗೆ ಬಡಿದು ಕಲ್ಲು ಅವರ ಕಾಲ ಬುಡಕ್ಕೇ ವಾಪಸು ಬಂತು. ಎರಡನೆಯದು ಗಾಜು ಒಡೆದು, ಹೆಂಡತಿಯ ಪ್ರೀತಿಯ ಹೂದಾನಿಯನ್ನೂ ಉರುಳಿಸಿತು. ಅದಕ್ಕೆ ನಿಜವಾಗಿಯೂ ನೊಂದುಕೊಂಡರು. ಆದರೆ ಮುಖದ ಮೇಲೆ ಒಂದಿಷ್ಟು ದುಃಖ ಇದ್ದರೆ ಒಳ್ಳೆಯದೇ ಅನ್ನಿಸಿತು.

ಪೊಲೀಸರಿಗೆ, ಆಮೇಲೆ ಸಂಪಾದಕನಿಗೆ ಫೋನಾಯಿತು. ಕಲ್ಲಿಗೆ ಏನೋ ಪತ್ರ ಕಟ್ಟಿದೆ, ಪೊಲೀಸರು ಬರುವ ತನಕ ಬಿಚ್ಚುವುದಿಲ್ಲ ಎಂದರು. ಸಂಪಾದಕ ತೊದಲಿದ: “ಅಯ್ಯೋ ಸಾರ್, ಹುಷಾರಾಗಿದೀರಾ ತಾನೇ? ಅಂಕಣ ನಿಲ್ಲಿಸೋ ಮಾತೇ ಇಲ್ಲ. ಮುಂದಿನ ವಾರ ಮೊದಲ ಪುಟಕ್ಕೇ ಬರೀರಿ.” ಅಂಕಣಕಾರರು ಫೋನಿಟ್ಟು, ಗಾಜಿನ ಚೂರುಗಳ ನಡುವೆಯೇ ಒಂದು ಸಣ್ಣ ಕುಣಿತ ಕುಣಿದರು.

ಪೇದೆ ಬರಬಹುದೆಂದುಕೊಂಡಿದ್ದರೆ ಖುದ್ದು ಇನ್‌ಸ್ಪೆಕ್ಟರೇ ಬಂದ. ನಡುವಯಸ್ಸು, ನಾಚಿಕೆಯ ಮುಖ. ಗಾಜು ಒಳಗೆ ಬಿದ್ದದ್ದನ್ನು ಗುರುತು ಹಾಕಿಕೊಂಡ, ಕಲ್ಲಿನ ದಾರ ಬಿಚ್ಚಿದ, ಪತ್ರ ಓದಿದ, ಮತ್ತೊಮ್ಮೆ ಓದಿದ. ಆಮೇಲೆ ಬ್ಯಾಗಿನಿಂದ ಆ ದಿನದ ಪೇಪರ್ ತೆಗೆದು, ಅಂಕಣದ ಪುಟವನ್ನು ಮೇಜಿನ ಮೇಲೆ ಹರಡಿದ. ಪುಟದ ತುಂಬ ಒಂದು ಹಾಸಿಗೆ ಕಂಪನಿಯ ಜಾಹೀರಾತು. “ನಾನು ಕಾಲೇಜಿನಿಂದಲೂ ನಿಮ್ಮನ್ನ ಓದ್ತೀನಿ ಸಾರ್, ಒಂದು ವಾರಾನೂ ಬಿಟ್ಟಿಲ್ಲ. ಎಲ್ಲಾ ಕತ್ತರಿಸಿ ಅಂಟಿಸಿ ಇಟ್ಟಿದೀನಿ” ಎಂದ, ತಲೆ ಎತ್ತದೆ. “ಇವತ್ತು ಅಂಕಣ ಬಂದೇ ಇಲ್ಲ. ನಿಮಗೆ ಹುಷಾರಿಲ್ವೇನೋ ಅಂತ ಬೆಳಗ್ಗೆಯಿಂದ ಜೀವ ತಡೀಲಿಲ್ಲ, ಅದಕ್ಕೇ ನಾನೇ ಬಂದೆ. ನನಗೇ ಓದೋಕೆ ಸಿಗದ ಆ ಪಾರ್ಕಿಂಗ್ ಬರಹ ಈ ಪತ್ರ ಬರೆದವನಿಗೆ ಎಲ್ಲಿ ಸಿಕ್ಕಿತು ಸಾರ್?”