ಪ್ಲಾಸ್ಟರ್ ಕೈಯ ಸಹಿ

ಮಾರ್ಚ್ ಹನ್ನೊಂದರ ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ, ಎಪ್ಪತ್ತರ ಹತ್ತಿರದ ವಿಧವೆಯೊಬ್ಬರು ಮಗಳ ಭುಜ ಹಿಡಿದುಕೊಂಡು ಠಾಣೆಯ ಮೆಟ್ಟಿಲು ಹತ್ತಿದರು. ಅವರ ಎರಡು ಎಕರೆಗೆ ಪ್ರತಿವರ್ಷ ಬರುತ್ತಿದ್ದ ಸರ್ಕಾರದ ಸಹಾಯಧನ ಈ ಸಲ ಬಂದಿರಲಿಲ್ಲ. ಕೃಷಿ ಕಚೇರಿಯಲ್ಲಿ ವಿಚಾರಿಸಿದರೆ, ಜಮೀನು ಗೇಣಿಗೆ ಕೊಟ್ಟಿದ್ದೇನೆ, ಹಣ ಉಳುವವನಿಗೇ ಹೋಗಲಿ ಎಂದು ನೀವೇ ಬರೆದುಕೊಟ್ಟಿದ್ದೀರಲ್ಲ ಎಂದು ಒಪ್ಪಿಗೆ ಪತ್ರದ ನಕಲು ಕೈಗಿಟ್ಟಿದ್ದರು. ಅವರ ಔಷಧಿ ನಡೆಯುತ್ತಿದ್ದದ್ದೇ ಆ ಹಣದಲ್ಲಿ. ಎರಡು ತಿಂಗಳಿಂದ ಮಾತ್ರೆಯನ್ನು ಅರ್ಧ ಮಾಡಿ ನುಂಗುತ್ತಿದ್ದೇನೆ ಎಂದರು. ಮಗಳಿಗೂ ಅದು ಗೊತ್ತಾದದ್ದು ಇನ್‌ಸ್ಪೆಕ್ಟರ್ ಎದುರಿಗೇ.

"ಸಹಿ ನಿಮ್ದೇನಾಮ್ಮ?"

"ನನ್ನದರ ಥರಾನೇ ಇದೆ. ಆದ್ರೆ ನಾನ್ ಹಾಕಿಲ್ಲಪ್ಪ."

ಮಗಳು ತಾರೀಕಿನ ಮೇಲೆ ಬೆರಳಿಟ್ಟಳು. "ನವೆಂಬರ್ ಆರು. ಅವತ್ತು ಅಮ್ಮನ ಬಲಗೈ ಪ್ಲಾಸ್ಟರಲ್ಲಿತ್ತು ಸಾರ್. ಊಟಾನೂ ನಾನೇ ಮಾಡಿಸ್ತಿದ್ದೆ."

ಆಸ್ಪತ್ರೆಯ ಚೀಟಿ ಅದನ್ನೇ ಹೇಳಿತು. ಹನ್ನೊಂದೂ ಮುಕ್ಕಾಲಿಗೆ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಇನ್‌ಸ್ಪೆಕ್ಟರ್ ಮತ್ತು ಮಹಿಳಾ ಹೆಡ್ ಕಾನ್‌ಸ್ಟೆಬಲ್ ಕೃಷಿ ಕಚೇರಿಯ ಕಡತಗಳ ಧೂಳು ಕುಡಿದರು. ಅಂಥ ಪತ್ರಗಳು ಇನ್ನೂ ಹತ್ತು ಸಿಕ್ಕವು. ಹನ್ನೊಂದೂ ಜಮೀನುಗಳ ಒಡೆಯರು ಪಟ್ಟಣದಲ್ಲಿದ್ದರು. ಇಬ್ಬರು ಪಂಚರೆದುರು ಪಂಚನಾಮೆ ಬರೆದು ಎಲ್ಲವನ್ನೂ ವಶಕ್ಕೆ ತೆಗೆದುಕೊಂಡರು. ಈ ಹಣದಲ್ಲಿ ಪಾಲು ಯಾರ ಜೇಬಿಗೆ ಹೋಗಿದೆಯೋ ಅವನೇ ಕಳ್ಳ ಎಂದು ಇನ್‌ಸ್ಪೆಕ್ಟರ್ ಲೆಕ್ಕ ಹಾಕಿದ್ದರು. ಎರಡು ದಿನ ಬ್ಯಾಂಕ್ ಖಾತೆಗಳನ್ನು ಜಾಲಾಡಿದ ಹೆಡ್ ಕಾನ್‌ಸ್ಟೆಬಲ್ ಬರಿಗೈಯಲ್ಲಿ ಬಂದಳು. ಗೇಣಿದಾರರಿಗೆ ಬಂದ ಹಣ ಬೀಜಕ್ಕೆ, ಗೊಬ್ಬರಕ್ಕೆ ಹೋಗಿತ್ತು. ಬೇರೆ ಯಾರಿಗೂ ನಯಾಪೈಸೆ ಹೋಗಿರಲಿಲ್ಲ.

ವಿಧವೆಯ ಹೊಲ ಉಳುತ್ತಿದ್ದವನನ್ನು ಕರೆಸಿದರು.

"ದುಡ್ಡು ಯಾಕ್ ಬಂತು ಅಂತ ಕೇಳ್ಲಿಲ್ವಾ?"

"ಕೇಳ್ದೆ ಸಾರ್. ಹೊಸ ನಿಯಮ, ಉಳೋನಿಗೇ ದುಡ್ಡು ಅಂದ್ರು."

"ಯಾರು?"

"ಕಚೇರಿಯ ಮೌನಿ."

ಮೌನಿ ಎಂದರೆ ಅರ್ಜಿ ಪರಿಶೀಲಿಸುವ ಗುಮಾಸ್ತ. ಅವನ ಬಾಯಿಂದ ಮಾತು ಹೊರಡಿಸಲು ಮೂರು ಪ್ರತಿ ಅರ್ಜಿ ಕೊಡಬೇಕು ಎಂದು ಸಹೋದ್ಯೋಗಿಗಳು ನಗುತ್ತಿದ್ದರು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಒಂದು ದೂರೂ ಇರಲಿಲ್ಲ. ಅವನ ಕೈಬರಹದ ಮಾದರಿ ಪಡೆದು ತಜ್ಞರಿಗೆ ಕಳಿಸಿದರು. ಮಾರ್ಚ್ ಇಪ್ಪತ್ತೇಳಕ್ಕೆ ವರದಿ ಬಂತು: ಹನ್ನೊಂದು ಸಹಿಗಳೂ ಒಂದೇ ಕೈಯವು, ಗುಮಾಸ್ತನ ಕೈಯವು.

ಅಂದೇ ಮಧ್ಯಾಹ್ನ ಮೂರೂ ಕಾಲಿಗೆ ಅವನನ್ನು ಕಚೇರಿಯಲ್ಲೇ ಬಂಧಿಸಿದರು. ಅವನು ಲೇಖನಿಯ ಮುಚ್ಚಳ ಹಾಕಿ, ಬೀರುವಿನ ಬೀಗದ ಕೈಯನ್ನು ಪಕ್ಕದವರಿಗೆ ಕೊಟ್ಟು ಎದ್ದುನಿಂತ.

ಠಾಣೆಯಲ್ಲಿ ಅವನು ಹೇಳಿದ್ದು ಒಂದೂವರೆ ಪುಟವಾಯಿತು. ಅವನಪ್ಪ ಇಪ್ಪತ್ತೆರಡು ವರ್ಷ ಇನ್ನೊಬ್ಬರ ಹೊಲ ಉತ್ತವನು. ಆಲಿಕಲ್ಲು ಬಿದ್ದು ಪೈರು ನೆಲಕಚ್ಚಿದ ವರ್ಷ ಪರಿಹಾರ ಬಂದದ್ದು ಹೊಲದ ದಾರಿಯನ್ನೇ ಮರೆತಿದ್ದ ಒಡೆಯನಿಗೆ. ಅಪ್ಪ ಗೋದಾಮಿನಲ್ಲಿ ಮೂಟೆ ಹೊರಲು ಹೋಗಿ ಬೆನ್ನು ಮುರಿದುಕೊಂಡು ಹಾಸಿಗೆ ಹಿಡಿದ.

"ಆ ಅಮ್ಮ ಮಾತ್ರೆ ಅರ್ಧ ಮಾಡಿ ನುಂಗ್ತಿದ್ರು. ಗೊತ್ತಾ?"

"ಪಟ್ಟಣದ ವಿಳಾಸ ಇತ್ತು ಸಾರ್. ನಾನು ಅಷ್ಟೇ ನೋಡಿದ್ದು."

ಚಿಕಿತ್ಸೆಗೆಂದು ಆಕೆ ಪಟ್ಟಣದ ಮಗಳ ಮನೆಯಲ್ಲಿದ್ದರು, ಅಷ್ಟೇ. ಇನ್‌ಸ್ಪೆಕ್ಟರ್ ಅದನ್ನು ಹೇಳಿದಾಗ ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

ಹೇಳಿಕೆಗೆ ಸಹಿ ಹಾಕಿ ಏಳುವಾಗ ಒಂದೇ ಮಾತು ಕೇಳಿದ: "ಉಳೋರು ಆ ದುಡ್ಡು ವಾಪಸ್ ಕಟ್ಬೇಕಾ ಸಾರ್?"

ವಸೂಲಿಯ ಆದೇಶ ಬೆಳಿಗ್ಗೆಯೇ ಇನ್‌ಸ್ಪೆಕ್ಟರ್ ಮೇಜಿಗೆ ಬಂದಿತ್ತು.

"ನಂಗೊತ್ತಿಲ್ಲ," ಎಂದು ಅವರು ಕಡತ ಮುಚ್ಚಿದರು.