ಇವರಿಗೆ ನೀವು ಏನಾಗಬೇಕು?

"ಇವರಿಗೆ ನೀವು ಏನಾಗಬೇಕು?"

ಗುಮಾಸ್ತ ಕೇಳಿದ್ದು ಇಷ್ಟೇ. ತಲೆಯನ್ನೂ ಎತ್ತಿರಲಿಲ್ಲ, ಪೆನ್ನು ಮಾತ್ರ ಎತ್ತಿ ಹಿಡಿದಿದ್ದ.

"ಏನೂ ಆಗಬೇಕಿಲ್ಲ. ಜೊತೆಗೆ ಬಂದಿದ್ದೀನಿ."

"ಹಾಗಿದ್ರೆ ಹೊರಗೆ ಬೆಂಚಿದೆ, ಕೂತ್ಕೊಳ್ಳಿ. ಒಳಗೆ ಮಾತಾಡೋಕೆ ಮನೆಯವರಿಗೆ, ಇಲ್ಲಾಂದ್ರೆ ವಕೀಲರಿಗೆ ಮಾತ್ರ."

ಬಾಡಿಗೆದಾರರ ತಕರಾರು ಕೇಳುವ ಆ ಕೋಣೆಯ ಬಾಗಿಲು ಅವಳ ಮುಖದೆದುರೇ ಮುಚ್ಚಿಕೊಂಡಿತು. ಅವಳು ಹಿಂದಿನ ರಸ್ತೆಯ ಸೇವಾ ಕೇಂದ್ರದಲ್ಲಿ ಐದು ವರ್ಷದಿಂದ ಇದ್ದವಳು. ಬರೆಯಲು ಬಾರದವರ ಫಾರಂ ತುಂಬುವುದು, ಆಫೀಸುಗಳಿಗೆ ಒಬ್ಬರೇ ಹೋಗಲು ಅಂಜುವವರ ಜೊತೆ ಹೋಗುವುದು ಅವಳ ಕೆಲಸ. "ಮನೆಗೆ ಮಾರಿ, ಊರಿಗೆ ಉಪಕಾರಿ" ಎಂದು ಅಣ್ಣ ಗೊಣಗುತ್ತಿದ್ದ. ಬೀದಿಯವರು ಅವಳಿಗೆ ಉಸಾಬರಿ ಎಂದೇ ಹೆಸರಿಟ್ಟಿದ್ದರು. ಹಾಗೆ ಕೂಗಿದರೆ ಅವಳು ತಿರುಗಿಯೂ ನೋಡುತ್ತಿದ್ದಳು.

ಐದೇ ನಿಮಿಷಕ್ಕೆ ಅವಳ ಜೊತೆ ಬಂದಿದ್ದ ಹೆಂಗಸು ಹೊರಬಂದಳು. "ಏನು ಕೇಳಿದ್ರೋ ಗೊತ್ತಾಗ್ಲಿಲ್ಲ ಕಣಮ್ಮಾ. ಹೂಂ ಅಂದ್ಬಿಟ್ಟೆ."

ಆ ಒಂದು ಹೂಂಗೆ ಹೆಂಗಸಿನ ಮನೆ ಹೋಯಿತು.

ಮುಂದಿನ ಮಂಗಳವಾರ ಉಸಾಬರಿ ಒಬ್ಬ ಇಸ್ತ್ರಿಯವನನ್ನು ಕರೆದುಕೊಂಡು ಬಂದಳು.

"ಇವರಿಗೆ ನೀವು?"

"ತಂಗಿ."

ಈಗ ಗುಮಾಸ್ತ ತಲೆ ಎತ್ತಿದ. ಅವಳನ್ನು ನೋಡಿದ, ಇಸ್ತ್ರಿಯವನನ್ನು ನೋಡಿದ, ಮತ್ತೆ ಅವಳನ್ನೇ ನೋಡಿದ. "ಸ್ವಂತ ತಂಗೀನಾ?"

"ಅಲ್ಲ, ಬಾಡಿಗೆ ತಂಗಿ. ಬರ್ಕೊಳ್ಳಿ ಸಾರ್."

ಅವನ ತುಟಿಯ ಒಂದು ತುದಿ ಮಾತ್ರ ಅಲುಗಿತು. ರಿಜಿಸ್ಟರಿನಲ್ಲಿ "ತಂಗಿ" ಎಂದು ದುಂಡಗೆ ಬರೆದ. ಇಸ್ತ್ರಿಯವನ ಅಂಗಡಿ ಉಳಿಯಿತು.

ಅಲ್ಲಿಂದ ಮುಂದೆ ಆ ರಿಜಿಸ್ಟರಿನ ಪ್ರಕಾರ ಉಸಾಬರಿಗಿದ್ದಷ್ಟು ಬಳಗ ಯಾರಿಗೂ ಇರಲಿಲ್ಲ. ಒಬ್ಬ ಬೇಕರಿಯವನಿಗೆ ನಾದಿನಿ, ಒಬ್ಬ ನರ್ಸಿಗೆ ಚಿಕ್ಕಮ್ಮನ ಮಗಳು, ಇಬ್ಬರು ಅಣ್ಣತಮ್ಮಂದಿರಿಗೆ ಸೋದರತ್ತೆ.

"ಇವತ್ತು ಯಾರು ಮೇಡಂ?"

"ಅತ್ತಿಗೆ."

"ಇವರಿಗೆ ಅರವತ್ತಾಗಿದೆ."

"ನಮ್ಮ ಯಜಮಾನ್ರು ಇನ್ನೂ ದೊಡ್ಡೋರು."

ಪೆನ್ನು ನಿಂತಿತು. "ಯಜಮಾನ್ರು ಇದ್ದಾರಾ?"

"ಈ ಕೇಸಿಗೆ ಮಾತ್ರ."

ಅವನು ರಿಜಿಸ್ಟರಿನೊಳಗೆ ಮುಖ ಇಟ್ಟು ನಕ್ಕ. ನಗುವಾಗ ಅವನ ಕಿವಿ ಕೆಂಪಾಗುವುದನ್ನು ಅವಳು ಕಂಡಳು. ಕಂಡದ್ದನ್ನು ಇಡೀ ವಾರ ನೆನೆಸಿಕೊಂಡಳು. ಅವಳಿಗೆ ಮಂಗಳವಾರ ಇಷ್ಟವಾಗತೊಡಗಿತ್ತು. ಅದನ್ನು ಯಾರಿಗೂ ಹೇಳಲಿಲ್ಲ, ಊರಿನ ಮಾತನ್ನೆಲ್ಲ ಆಡುವವಳಿಗೆ ತನ್ನ ಮಾತು ಆಡಿ ಅಭ್ಯಾಸವಿರಲಿಲ್ಲ.

ಗಡಿಯಾರ ರಿಪೇರಿಯವರ ಸರದಿ ಬಂದಾಗ ಅವಳು ಎಡವಿದಳು. ಅವರಿಗೆ ಮಾತು ತೊದಲುತ್ತಿತ್ತು. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಎದುರಿನವರು ಎರಡು ಸಲ ಗಡಿಯಾರ ನೋಡುತ್ತಿದ್ದರು.

"ಇವರಿಗೆ ನೀವು?"

"ಸೊಸೆ" ಎಂದಳು, ಯೋಚಿಸದೆ.

ಅವಳು ಚೆನ್ನಾಗಿಯೇ ಮಾತಾಡಿದಳು. ವಿಚಾರಣೆಯ ಸಾಹೇಬರು ತಲೆದೂಗುತ್ತಿದ್ದರು. ಆಗ ಕಟ್ಟಡದ ಮಾಲೀಕರ ವಕೀಲರು ಎದ್ದು ನಿಂತರು. "ಸ್ವಾಮಿ, ಇವರಿಗೆ ಮಕ್ಕಳೇ ಇಲ್ಲ. ಸೊಸೆ ಎಲ್ಲಿಂದ ಬಂದ್ಲು?"

ಕೋಣೆ ಗೊಳ್ಳೆಂದು ನಕ್ಕಿತು. ಅವಳಾಡಿದ ಮಾತನ್ನೆಲ್ಲ ಹೊಡೆದುಹಾಕಲು ಸಾಹೇಬರು ಹೇಳಿದರು. ಹೊಡೆದುಹಾಕಬೇಕಾದವನು ಗುಮಾಸ್ತನೇ. ಸಾಲು ಸಾಲಾಗಿ ಅಡ್ಡಗೆರೆ ಎಳೆದ, ನಿಧಾನವಾಗಿ. ತಿಂಗಳೊಳಗೆ ಅಂಗಡಿ ಖಾಲಿ ಮಾಡಬೇಕೆಂದು ಆದೇಶವಾಯಿತು. ಕಂಡಕಂಡ ಸುಳ್ಳನ್ನು ಬರೆದುಕೊಂಡದ್ದಕ್ಕೆ ಗುಮಾಸ್ತನಿಗೂ ಒಂದು ನೋಟಿಸು ಬಂತು.

ಮೆಟ್ಟಿಲ ಹತ್ತಿರ ಗಡಿಯಾರದವರು ಅವಳ ಕೈ ಹಿಡಿದುಕೊಂಡರು. "ಸೊ... ಸೊಸೆ ಅಂದ್ಯಲ್ಲ, ಖು... ಖುಷಿ ಆಯ್ತಮ್ಮಾ."

ಅವರು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಗುಮಾಸ್ತನ ಎದುರು ಹೋಗಿ ನಿಂತಳು. "ಸುಳ್ಳು ಅಂತ ಗೊತ್ತಿತ್ತಾ ನಿಮಗೆ?"

"ಮೊದಲನೇ ದಿನದಿಂದ."

"ಮತ್ತೆ ಯಾಕೆ ಬರ್ಕೊಂಡ್ರಿ?"

"ಬರೀದಿದ್ರೆ ನೀವು ಹೊರಗೆ ಬೆಂಚಿಗೆ ಹೋಗ್ಬೇಕಿತ್ತು." ಅವನು ಕೈಯಲ್ಲಿದ್ದ ಲೋಟವನ್ನೇ ತಿರುಗಿಸುತ್ತಿದ್ದ. "ಆ ರೂಮಲ್ಲಿ ಹನ್ನೊಂದು ವರ್ಷದಿಂದ ಕೂತಿದ್ದೀನಿ. ಕೇಳಬೇಕು ಅನ್ಸೋ ಮಾತು ನಿಮ್ಮದೊಂದೇ."

ಜಗಳಕ್ಕೆಂದು ಬಂದವಳು ಕುರ್ಚಿ ಎಳೆದು ಕೂತಳು.

ಎರಡು ವಾರವಾದ ಮೇಲೆ ಅದೇ ಮೇಜಿಗೆ ಸಂಜೆಯ ಕಾನೂನು ಕಾಲೇಜಿನ ಅರ್ಜಿ ತಂದಳು. ಅಣ್ಣ ಅಷ್ಟರಲ್ಲೇ ಒಂದು ಸುತ್ತು ಕೂಗಾಡಿ ಮುಗಿಸಿದ್ದ. "ಈ ವಯಸ್ಸಲ್ಲಿ ಏನಾಗಬೇಕು ಅಂತಿದ್ದೀಯೇ?" ಅವಳಿಗೆ ಅಲ್ಲಿಯೂ ಅದೇ ಪ್ರಶ್ನೆ ಎದುರಾಗಿತ್ತು.

"ಕಾನೂನು ಓದಲು ಕಾರಣವೇನು" ಎಂಬ ಕಾಲಮ್ಮಿನಲ್ಲಿ ಅವಳು ಸಮಾಜ ಸೇವೆ, ನೊಂದವರ ಕಣ್ಣೀರು, ನ್ಯಾಯದ ಬೆಳಕು ಎಲ್ಲವನ್ನೂ ತುಂಬಿದ್ದಳು. ಗುಮಾಸ್ತ ಓದಿ ಕಾಗದವನ್ನು ಹಿಂದಕ್ಕೆ ಸರಿಸಿದ.

"ಇದೂ ಸೊಸೆ ಅಂದ ಹಾಗೇ ಇದೆ."

"ಅಂದ್ರೆ?"

"ಚೆನ್ನಾಗಿದೆ. ನಿಜ ಅಲ್ಲ."

ಅವಳಿಗೆ ರೇಗಿತು. ಕಾಗದವನ್ನು ಮಗುಚಿಟ್ಟಳು. ಆಮೇಲೆ ಹೇಳಿದಳು. "ಐದು ವರ್ಷ ಎಲ್ಲರ ಜೊತೆ ಬಾಗಿಲ ತನಕ ಹೋಗಿದ್ದೀನಿ. ಬಾಗಿಲಲ್ಲಿ ನೀವು ಯಾರು ಅಂತಾರೆ. ನನ್ನ ಹತ್ರ ಉತ್ತರ ಇಲ್ಲ. ಸುಳ್ಳು ಹೇಳದೆ ಒಳಗೆ ಕೂರಬೇಕು ನಾನು. ಅಷ್ಟೇ. ಸ್ವಲ್ಪ ಸಿಟ್ಟೂ ಇದೆ."

"ಅದನ್ನೇ ಬರೀರಿ. ಸಿಟ್ಟೂ ಇರಲಿ."

ಅವನು ತನ್ನ ಪೆನ್ನು ಕೊಟ್ಟ. ಅವಳು ಅದನ್ನು ವಾಪಸು ಕೊಡಲಿಲ್ಲ, ಅವನು ಕೇಳಲೂ ಇಲ್ಲ.

ಮೂರು ವರ್ಷ ಕಳೆಯಿತು. ಹಗಲು ಸೇವಾ ಕೇಂದ್ರ, ಸಂಜೆ ತರಗತಿ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಅವನು ಪುಸ್ತಕ ಹಿಡಿದು ಪ್ರಶ್ನೆ ಕೇಳುವನು, ಅವಳು ಉತ್ತರ ಹೇಳುವಳು. ತಪ್ಪಿದರೆ ಅವನ ಹುಬ್ಬು ಏರುತ್ತಿತ್ತು. ಆ ಹುಬ್ಬು ನೋಡಲೆಂದೇ ಅವಳು ಎಷ್ಟೋ ಸಲ ಬೇಕೆಂದು ತಪ್ಪಿದಳು. ಇಬ್ಬರೂ "ನೀವು" ಬಿಟ್ಟು ಕೆಳಗಿಳಿಯಲಿಲ್ಲ. ಹೇಳಬೇಕಾದ ಮಾತೊಂದು ಮಾತ್ರ ಮೇಜಿನ ಮೇಲೆ ಹಾಗೆಯೇ ಉಳಿದಿತ್ತು.

ವಕೀಲಳಾದ ಮೇಲೆ ಅವಳ ಮೊದಲ ಕೇಸು ಗಡಿಯಾರದವರದೇ. ಹೊಸ ಅಂಗಡಿಯಿಂದಲೂ ಅವರನ್ನು ಎಬ್ಬಿಸುವ ಹುನ್ನಾರ ನಡೆದಿತ್ತು. ಕಪ್ಪು ಕೋಟು ಹಾಕಿ ಬಂದವಳನ್ನು ಯಾರೂ ಏನೂ ಕೇಳಬೇಕಾಗಿರಲಿಲ್ಲ. ಗುಮಾಸ್ತ ಆದರೂ ಪೆನ್ನು ಎತ್ತಿದ.

"ಇವರಿಗೆ ನೀವು ಏನಾಗಬೇಕು?"

"ವಕೀಲೆ."

ಅವನು ಬರೆದುಕೊಂಡ. ಅಕ್ಷರ ಯಾವತ್ತಿಗಿಂತ ದೊಡ್ಡದಾಯಿತು. ಅವಳು ಅರ್ಧ ಗಂಟೆ ಮಾತಾಡಿದಳು. ಅವನು ಬರೆಯುವುದನ್ನು ಎರಡು ಸಲ ಮರೆತು ಸಾಹೇಬರಿಂದ ಗದರಿಸಿಕೊಂಡ. ಅಂಗಡಿ ಉಳಿಯಿತು.

ಹೊರಗೆ ಬೆಂಚಿನ ಮೇಲೆ ಅವನು ಒಂದು ಕಾಗದವನ್ನು ಅವಳ ಮುಂದಿಟ್ಟ. "ವಕೀಲರು ಒಮ್ಮೆ ನೋಡಿ ಕೊಡಬೇಕು."

ಅದು ವರ್ಗಾವಣೆಯ ಅರ್ಜಿ. ಕೆಳಮಹಡಿಯ ಹಳೇ ಕಡತಗಳ ಕೋಣೆಗೆ. ಅವಳು ತಲೆ ಎತ್ತಿದಳು. "ಈ ರೂಮು ಬಿಟ್ಟು ಹೋಗ್ತೀರಾ? ಅಲ್ಲಿ ಒಂದು ಮಾತೂ ಕೇಳಿಸಲ್ಲ."

"ಕಾರಣ ಓದಿ."

ಅವಳು ಓದಿದಳು. "ಈ ಕೋಣೆಯಲ್ಲಿ ವಾದಿಸುವ ವಕೀಲರು ಗುಮಾಸ್ತನಿಗೆ ಸಂಬಂಧಿಕರಾಗಿರಬಾರದು ಎಂಬ ನಿಯಮವಿದೆ. ಸದರಿ ವಕೀಲರಲ್ಲಿ ಒಬ್ಬರು ನನಗೆ" ಎಂದು ಬರೆದು, ಮುಂದೆ ಜಾಗ ಖಾಲಿ ಬಿಟ್ಟಿದ್ದ.

"ನೀವು ಇಲ್ಲಿ ಮಾತಾಡ್ಬೇಕು" ಎಂದ ಅವನು, ಅವಳನ್ನು ನೋಡದೆ. "ಅದಕ್ಕೇ ನಾನು ಕೆಳಗೆ ಹೋಗ್ತೀನಿ. ಖಾಲಿ ಜಾಗ ಹಾಗೇ ಇರಲಿ ಅಂದ್ರೆ ಅರ್ಜಿ ಹರಿದು ಹಾಕಿ. ನಾನೇನೂ ಅಂದ್ಕೊಳ್ಳಲ್ಲ."

ಕಿವಿ ಮಾತ್ರ ಕೆಂಪಾಗಿತ್ತು.

"ಈ ಕೇಸು ನಾನು ತಗೊಳ್ಳೋಕೆ ಬರಲ್ಲ" ಎಂದಳು ಅವಳು.

ಅವನು ಕಾಗದಕ್ಕೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಯಾಕಂದ್ರೆ ಇದ್ರಲ್ಲಿ ನಾನು ವಕೀಲೆ ಅಲ್ಲ, ಪಾರ್ಟಿ. ನನ್ನ ಮಾತು ನಾನೇ ಆಡ್ಬೇಕು."

ಆ ರಿಜಿಸ್ಟರಿನಲ್ಲಿ ಎಷ್ಟೋ ಜನರಿಗೆ ಅವಳು ಏನೇನೋ ಆಗಿದ್ದಳು. ಮೂರು ವರ್ಷದ ಹಿಂದೆ ವಾಪಸು ಕೊಡದ ಪೆನ್ನನ್ನು ಬ್ಯಾಗಿನಿಂದ ತೆಗೆದು, ಖಾಲಿ ಜಾಗದಲ್ಲಿ ಬರೆದಳು: "ಹೆಂಡತಿ ಆಗಬೇಕು."

ಅವನು ಓದಿದ, ಮತ್ತೊಮ್ಮೆ ಓದಿದ. "ಇದು ನಿಜಾನಾ ಮೇಡಂ, ಇಲ್ಲಾ ಈ ಕೇಸಿಗೆ ಮಾತ್ರಾನಾ?"

"ಬರ್ಕೊಳ್ಳಿ ಸಾರ್" ಎಂದಳು ಉಸಾಬರಿ.